ರಾಜ್ಯಕ್ಕೊಂದು ನಂಬರ್ ಪ್ಲೇಟ್ ಕಾನೂನು: ಅಮೆರಿಕದ ಕಾರುಗಳ ಕತೆ

ಅಮೆರಿಕದಲ್ಲಿ ವಾಹನ ನೋಂದಣಿ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಕಾರಿಗೆ ಎಷ್ಟು ನಂಬರ್ ಪ್ಲೇಟ್ ಇರಬೇಕು, ಅದನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಹೇಗೆ ಬಿಗಿಯಬೇಕು, ಅದರ ಮೇಲೆ ಯಾವ ಸ್ಟಿಕ್ಕರ್ ಅಂಟಿಸಬೇಕು, ಕಾರು ಮಾರಿದಾಗ ಪ್ಲೇಟ್ ಯಾರಿಗೆ ಉಳಿಯುತ್ತದೆ ಎಂಬುದನ್ನೆಲ್ಲ 50 ರಾಜ್ಯಗಳೂ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯೂ ತಮ್ಮ ತಮ್ಮ ಕಾನೂನಿನಲ್ಲಿ ಬರೆದುಕೊಂಡಿವೆ. ಭಾರತದಲ್ಲಿ ವ್ಯವಸ್ಥೆ ಬೇರೆ. ಇಲ್ಲಿ 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ. ಬೀದರಿನ ಕಾರಿಗೂ ಇಂಫಾಲದ ಕಾರಿಗೂ ಪ್ಲೇಟಿನ ಅಳತೆ, ಅಕ್ಷರದ ಎತ್ತರ ಒಂದೇ. ಮುಂದೊಂದು, ಹಿಂದೊಂದು ಪ್ಲೇಟ್ ಎಲ್ಲ ಕಡೆಯೂ ಕಡ್ಡಾಯ. ಅಮೆರಿಕದಲ್ಲಾದರೆ ಇಂಡಿಯಾನಾದ ಗಡಿ ದಾಟಿ ಇಲಿನಾಯ್‌ಗೆ ಬಂದ ಕೂಡಲೇ ಮುಂಬದಿಯ ಬಂಪರ್ ಖಾಲಿ ಇರುವ ಕಾರುಗಳು ಕಡಿಮೆಯಾಗಿ, ಎರಡೂ ಕಡೆ ಪ್ಲೇಟ್ ಇರುವ ಕಾರುಗಳು ಹೆಚ್ಚುತ್ತವೆ.

ಇವು ಮೇಲ್ನೋಟಕ್ಕೆ ಸಣ್ಣ ನಿಯಮಗಳು. ಆದರೆ ಅಪಘಾತ ಮಾಡಿ ಓಡಿಹೋದವರನ್ನು ಹಿಡಿಯುವುದು, ಟೋಲ್ ವಸೂಲಿ, ಪೊಲೀಸರು ಯಾರನ್ನು ಯಾವಾಗ ತಡೆಯಬಹುದು ಎಂಬ ಪ್ರಶ್ನೆ, ನಾಗರಿಕನ ಖಾಸಗಿತನ, ಅಷ್ಟೇಕೆ, ಅಭಿಪ್ರಾಯ ಸ್ವಾತಂತ್ರ್ಯ ಕೂಡ ಈ ತಗಡಿನ ತುಂಡಿಗೆ ತಗುಲಿಕೊಂಡಿದೆ. ಇವುಗಳಲ್ಲಿ ಕೆಲವು ಜಗಳಗಳು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿವೆ.

ಚರ್ಮದ ಪಟ್ಟಿಯಿಂದ ಲೋಹದ ಪ್ಲೇಟಿಗೆ

ಕಾರಿಗೆ ಗುರುತು ಇರಲೇಬೇಕೆಂದು ಮೊದಲು ಕಾನೂನು ಮಾಡಿದ್ದು ನ್ಯೂಯಾರ್ಕ್ ರಾಜ್ಯ, 1901ರಲ್ಲಿ. ಮಾಲೀಕನ ಹೆಸರಿನ ಮೊದಲಕ್ಷರಗಳನ್ನು ಕಾರಿನ ಹಿಂಭಾಗದಲ್ಲಿ ಎದ್ದು ಕಾಣುವ ಹಾಗೆ ಹಾಕಬೇಕು, ಅವು ಕನಿಷ್ಠ 3 ಅಂಗುಲ ಎತ್ತರ ಇರಬೇಕು ಎಂದು ಅದು ಹೇಳಿತು. ಪ್ಲೇಟನ್ನು ಸರ್ಕಾರ ಕೊಡುತ್ತಿರಲಿಲ್ಲ, ಮಾಲೀಕನೇ ಮಾಡಿಸಿಕೊಳ್ಳಬೇಕಿತ್ತು. ಚರ್ಮದ ಪಟ್ಟಿಗೆ ಲೋಹದ ಅಕ್ಷರ ಹೊಡೆಸಿ ತೂಗುಹಾಕಿದವರಿದ್ದರು, ಕಾರಿನ ಮೈಮೇಲೆಯೇ ಬಣ್ಣದಲ್ಲಿ ಬರೆಸಿದವರೂ ಇದ್ದರು. ಒಂದೇ ಮೊದಲಕ್ಷರದವರು ಊರಿಗೆ ಹಲವರಿರುವಾಗ ಈ ಗುರುತಿನಿಂದ ಹೆಚ್ಚು ಉಪಯೋಗವಾಗಲಿಲ್ಲ. ಎರಡೇ ವರ್ಷದಲ್ಲಿ ನ್ಯೂಯಾರ್ಕ್ ಅಕ್ಷರಗಳನ್ನು ಬಿಟ್ಟು ಸಂಖ್ಯೆಗಳಿಗೆ ಬಂತು.

ರಾಜ್ಯವೇ ಪ್ಲೇಟ್ ತಯಾರಿಸಿ ಕೊಡುವ ಪದ್ಧತಿ 1903ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾಯಿತು. ಕಬ್ಬಿಣದ ತಗಡಿಗೆ ಎನಾಮೆಲ್ ಲೇಪಿಸಿದ ಆ ಪ್ಲೇಟಿನಲ್ಲಿ ಕಡುನೀಲಿ ಹಿನ್ನೆಲೆಯ ಮೇಲೆ ಬಿಳಿ ಅಂಕಿಗಳಿದ್ದವು. ಮುಂದಿನ ದಶಕಗಳಲ್ಲಿ ಉಳಿದ ರಾಜ್ಯಗಳೂ ಇದೇ ದಾರಿ ಹಿಡಿದವು. ಹಲವು ರಾಜ್ಯಗಳು ಪ್ಲೇಟ್ ತಯಾರಿಕೆಯನ್ನು ಜೈಲುಗಳಿಗೆ ವಹಿಸಿದವು. ನ್ಯೂಯಾರ್ಕ್‌ನ ಆಬರ್ನ್ ಜೈಲು, ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲು ಈ ಕೆಲಸಕ್ಕೆ ಹೆಸರಾದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕೆ ತತ್ವಾರ ಬಂದಾಗ ಅನೇಕ ರಾಜ್ಯಗಳು ಎರಡರ ಬದಲು ಒಂದೇ ಪ್ಲೇಟ್ ಕೊಟ್ಟವು. ಇಲಿನಾಯ್ ಸೋಯಾ ಮಿಶ್ರಿತ ನಾರಿನ ಹಲಗೆಯಿಂದ ಪ್ಲೇಟ್ ಮಾಡಿತು; ದನಕರುಗಳು ಅದನ್ನು ಮೆಲ್ಲುತ್ತಿದ್ದವು. ಯುದ್ಧ ಮುಗಿದ ಮೇಲೂ ಪ್ಲೇಟಿನ ಅಳತೆ ರಾಜ್ಯದಿಂದ ರಾಜ್ಯಕ್ಕೆ ಬೇರೆಬೇರೆಯಾಗಿಯೇ ಇತ್ತು. ಕಾರು ತಯಾರಕರಿಗೆ ಇದು ತಲೆನೋವು. 1956ರಲ್ಲಿ ಆಡಳಿತಗಾರರೂ ತಯಾರಕರೂ ಸೇರಿ 12 ಅಂಗುಲ ಅಗಲ, 6 ಅಂಗುಲ ಎತ್ತರದ ಅಳತೆಗೆ ಒಪ್ಪಿದರು. ತಿರುಪು ಹಾಕುವ ತೂತುಗಳ ಜಾಗವೂ ಆಗಲೇ ನಿಗದಿಯಾಯಿತು. ಅಂದಿನಿಂದ ಪ್ಲೇಟಿನ ಬಣ್ಣ, ಚಿತ್ರ, ಘೋಷವಾಕ್ಯ ಏನೇ ಇದ್ದರೂ ಅಳತೆ ಮಾತ್ರ ದೇಶಕ್ಕೆಲ್ಲ ಒಂದೇ.

ಒಂದೋ ಎರಡೋ?

ಹೆಚ್ಚು ಚರ್ಚೆ ನಡೆಯುವುದು ಮುಂಬದಿಯ ಪ್ಲೇಟಿನ ಬಗ್ಗೆ. ಹಿಂಬದಿಯ ಪ್ಲೇಟ್ ಎಲ್ಲ ರಾಜ್ಯಗಳಲ್ಲೂ ಕಡ್ಡಾಯ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ವರ್ಜೀನಿಯಾ, ಕೊಲೊರಾಡೊ, ಮಿನೆಸೋಟ, ವಾಷಿಂಗ್ಟನ್ ಮುಂತಾದ ರಾಜ್ಯಗಳು ಎರಡೂ ಕಡೆ ಪ್ಲೇಟ್ ಬೇಕೆನ್ನುತ್ತವೆ. ಫ್ಲಾರಿಡಾ, ಜಾರ್ಜಿಯಾ, ಪೆನ್ಸಿಲ್ವೇನಿಯಾ, ಮಿಷಿಗನ್, ಇಂಡಿಯಾನಾ, ಅರಿಜೋನಾ, ನಾರ್ತ್ ಕ್ಯಾರೊಲಿನಾ, ಟೆನೆಸಿ ಸೇರಿದಂತೆ 20ಕ್ಕೂ ಹೆಚ್ಚು ರಾಜ್ಯಗಳಿಗೆ ಹಿಂಬದಿಯ ಒಂದೇ ಪ್ಲೇಟ್ ಸಾಕು. ಈಚಿನ ಬದಲಾವಣೆಗಳೆಲ್ಲ ಒಂದೇ ಪ್ಲೇಟಿನ ಕಡೆಗೆ ವಾಲಿವೆ. ಓಹಾಯೊ 2020ರ ಜುಲೈ 1ರಿಂದ ಮುಂಬದಿಯ ಪ್ಲೇಟನ್ನು ಕೈಬಿಟ್ಟಿತು. 2022ರಲ್ಲಿ ಅಲಾಸ್ಕ, 2025ರ ಜನವರಿಯಿಂದ ಯೂಟಾ ಅದೇ ಸಾಲಿಗೆ ಸೇರಿದವು.

ನಡುವಿನ ದಾರಿ ಹುಡುಕಿದ ರಾಜ್ಯಗಳೂ ಇವೆ. ಮುಂಬದಿಯ ಪ್ಲೇಟಿಗೆ ಜಾಗವಿಲ್ಲದಂತೆ ತಯಾರಾದ, ತಯಾರಕರು ಬ್ರ್ಯಾಕೆಟ್ ಕೊಡದ ಕಾರಿಗೆ ನೆವಾಡಾ ವಿನಾಯಿತಿ ಕೊಡುತ್ತದೆ. ನೆಬ್ರಾಸ್ಕದಲ್ಲಿ ಅಂಥ ಕಾರಿನವರು ಹೆಚ್ಚುವರಿ ಶುಲ್ಕ ಕಟ್ಟಿ ಒಂದೇ ಪ್ಲೇಟ್ ಪಡೆಯಬಹುದು.

ಮುಂಬದಿಯ ಪ್ಲೇಟ್ ಬೇಕು ಎನ್ನುವವರಲ್ಲಿ ಪೊಲೀಸರು ಮುಖ್ಯರು. ಎದುರಿನಿಂದ ಬರುವ ಕಾರನ್ನು ಗುರುತಿಸಲು ಅದೊಂದೇ ದಾರಿ. ಮಕ್ಕಳನ್ನು ಇಳಿಸಲು ನಿಂತ ಶಾಲಾ ಬಸ್ಸಿನ ಎದುರು ನಿಲ್ಲಿಸದೆ ನುಗ್ಗುವ ಕಾರು ಬಸ್ ಚಾಲಕನಿಗೆ ಮೊದಲು ಕಾಣುವುದು ಮುಂಭಾಗದಿಂದಲೇ. ಓಹಾಯೊದಲ್ಲಿ ಮುಂಬದಿಯ ಪ್ಲೇಟನ್ನು ತೆಗೆಯುವಾಗ ಈ ವಾದ ಬಲವಾಗಿಯೇ ಕೇಳಿಬಂದಿತ್ತು. ಬೆಳಕು ಪ್ರತಿಫಲಿಸುವ ಪ್ಲೇಟ್ ಇದ್ದರೆ, ದೀಪ ಆರಿಸಿ ರಸ್ತೆ ಬದಿಯಲ್ಲಿ ನಿಂತ ಕಾರೂ ರಾತ್ರಿ ದೂರದಿಂದ ಗೋಚರಿಸುತ್ತದೆ. ಬೇಡ ಎನ್ನುವವರು ಮುಂದಿಡುವುದು ಖರ್ಚಿನ ಲೆಕ್ಕ. ಪ್ರತಿ ಕಾರಿಗೆ ಒಂದು ಪ್ಲೇಟ್ ಉಳಿದರೆ ಲಕ್ಷಾಂತರ ಕಾರುಗಳ ರಾಜ್ಯಕ್ಕೆ ದೊಡ್ಡ ಮೊತ್ತವೇ ಉಳಿಯುತ್ತದೆ. ಹೊಸ ಕಾರಿನ ಬಂಪರಿಗೆ ತೂತು ಕೊರೆಯಲು ಮಾಲೀಕರಿಗೂ ಮನಸ್ಸಿಲ್ಲ. ಈಗಿನ ಅನೇಕ ಕಾರುಗಳ ಮುಂಭಾಗದಲ್ಲಿ ಸೆನ್ಸರ್‌ಗಳೂ ಗಾಳಿ ಒಳಹೋಗುವ ಕಿಂಡಿಗಳೂ ತುಂಬಿಕೊಂಡಿರುವುದರಿಂದ ಪ್ಲೇಟಿಗೆ ಸರಿಯಾದ ಜಾಗ ಸಿಗುವುದೇ ಕಷ್ಟ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಯಾವುದಕ್ಕೆ ಹೆಚ್ಚು ಬೆಲೆ ಎಂಬುದನ್ನು ಆಯಾ ರಾಜ್ಯದ ಶಾಸನಸಭೆ ತೀರ್ಮಾನಿಸುತ್ತದೆ.

ಎಲ್ಲಿ, ಹೇಗೆ ಬಿಗಿಯಬೇಕು

ಪ್ಲೇಟ್ ಇದ್ದರೆ ಸಾಲದು, ಅದು ಓದಲು ಸಿಗಬೇಕು. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 5201ನೆಯ ವಿಧಿಯನ್ನು ಬಿಡಿಸಿ ನೋಡಿದರೆ ಇಂಥ ನಿಯಮ ಎಷ್ಟು ಸೂಕ್ಷ್ಮವಾಗಿರುತ್ತದೆ ಎಂಬುದು ತಿಳಿಯುತ್ತದೆ. ಪ್ಲೇಟ್ ಅಲ್ಲಾಡದಂತೆ ಭದ್ರವಾಗಿ ಬಿಗಿದಿರಬೇಕು. ಸ್ಪಷ್ಟವಾಗಿ ಕಾಣುವ ಜಾಗದಲ್ಲಿರಬೇಕು. ಅಕ್ಷರಗಳು ನೆಟ್ಟಗಿದ್ದು ಎಡದಿಂದ ಬಲಕ್ಕೆ ಓದುವಂತಿರಬೇಕು. ಅಂದರೆ ಪ್ಲೇಟನ್ನು ತಿರುಗಿಸಿ ಲಂಬವಾಗಿ ಕೂರಿಸುವಂತಿಲ್ಲ. ಹಿಂಬದಿಯ ಪ್ಲೇಟ್ ನೆಲದಿಂದ 12 ಅಂಗುಲಕ್ಕಿಂತ ಕೆಳಗೂ 60 ಅಂಗುಲಕ್ಕಿಂತ ಮೇಲೂ ಇರಬಾರದು. ಮುಂಬದಿಯ ಪ್ಲೇಟ್ 60 ಅಂಗುಲ ಮೀರಬಾರದು. ಕೆಸರು, ತುಕ್ಕು ಹಿಡಿದು ಅಕ್ಷರ ಮಾಸದಂತೆ ಕಾಪಾಡಿಕೊಳ್ಳುವ ಹೊಣೆ ಮಾಲೀಕನದು. ರಾತ್ರಿಯ ಹೊತ್ತು 50 ಅಡಿ ದೂರದಿಂದ ಓದಲು ಆಗುವಷ್ಟು ಬಿಳಿ ಬೆಳಕು ಹಿಂಬದಿಯ ಪ್ಲೇಟಿನ ಮೇಲೆ ಬೀಳಬೇಕೆಂದು ಇನ್ನೊಂದು ವಿಧಿ ಹೇಳುತ್ತದೆ. 12 ಅಂಗುಲದ ಎತ್ತರ, 50 ಅಡಿಯ ದೂರ ಎಂಬ ಈ ಎರಡು ಅಳತೆಗಳು ಇನ್ನೂ ಅನೇಕ ರಾಜ್ಯಗಳ ಕಾನೂನಿನಲ್ಲಿ ಕಾಣಸಿಗುತ್ತವೆ.

ಮುಂಬದಿಯ ಪ್ಲೇಟನ್ನು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಒಳಗೆ ಇಟ್ಟುಕೊಂಡು ಓಡಾಡುವವರು ಎರಡು ಪ್ಲೇಟಿನ ರಾಜ್ಯಗಳಲ್ಲಿ ಬಹಳ ಮಂದಿ. ಇದು ತಪ್ಪು. ಟೆಕ್ಸಾಸ್ ನಿಯಮದಲ್ಲಿ ಪ್ಲೇಟ್ ವಾಹನದ ಹೊರಭಾಗದಲ್ಲೇ ಇರಬೇಕೆಂದು ಬರೆದಿದೆ. ಅಲ್ಲಿ ಪ್ಲೇಟ್ ಇಲ್ಲದಿದ್ದರೆ 200 ಡಾಲರ್‌ವರೆಗೆ ದಂಡವಿದೆ. ಕ್ಯಾಲಿಫೋರ್ನಿಯಾದಲ್ಲಿ ಮುಂಬದಿಯ ಪ್ಲೇಟ್ ಇಲ್ಲದವರಿಗೆ ಸಾಮಾನ್ಯವಾಗಿ ಸಿಗುವುದು ಸರಿಪಡಿಸಿಕೊಳ್ಳಲು ಅವಕಾಶವಿರುವ ಚೀಟಿ. ಪ್ಲೇಟ್ ಬಿಗಿಸಿ, ಪೊಲೀಸರಿಗೆ ತೋರಿಸಿ ಸಹಿ ಹಾಕಿಸಿಕೊಂಡು, ನ್ಯಾಯಾಲಯಕ್ಕೆ 25 ಡಾಲರ್ ಕಟ್ಟಿದರೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ.

ಚೌಕಟ್ಟು, ಮುಚ್ಚಳ, ಸ್ಟಿಕ್ಕರ್

ಕಾರು ಮಾರುವ ಡೀಲರುಗಳು ತಮ್ಮ ಹೆಸರಿನ ಚೌಕಟ್ಟನ್ನು ಪ್ಲೇಟಿಗೆ ಹಾಕಿಯೇ ಕಾರು ಕೊಡುತ್ತಾರೆ. ಓದಿದ ವಿಶ್ವವಿದ್ಯಾಲಯ, ಮೆಚ್ಚಿದ ತಂಡದ ಹೆಸರಿನ ಚೌಕಟ್ಟು ಹಾಕಿಕೊಳ್ಳುವುದೂ ರೂಢಿ. ಚೌಕಟ್ಟು ಎಷ್ಟು ಭಾಗ ಮುಚ್ಚಿದರೆ ತಪ್ಪು ಎಂಬ ಪ್ರಶ್ನೆ 2021ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆ ರಾಜ್ಯದ ಪ್ಲೇಟಿನ ಕೆಳಗೆ ‘ಗಾರ್ಡನ್ ಸ್ಟೇಟ್’ ಎಂಬ ಮಾತಿದೆ. ಒಂದು ಕಾರಿನ ಚೌಕಟ್ಟು ಆ ಮಾತಿನ ಅಂಚನ್ನಷ್ಟೇ ಮರೆಮಾಡಿತ್ತು, ಓದಲು ಅಡ್ಡಿ ಇರಲಿಲ್ಲ. ಇನ್ನೊಂದರ ಚೌಕಟ್ಟು ಮಾತನ್ನು ಪೂರ್ತಿ ಮುಚ್ಚಿತ್ತು. ಓದಿ ಗುರುತಿಸಲು ಆಗುವಷ್ಟು ಕಾಣುತ್ತಿದ್ದರೆ ಅಪರಾಧವಿಲ್ಲ, ಪೂರ್ತಿ ಮುಚ್ಚಿದ್ದರೆ ಅಪರಾಧ ಎಂದು ನ್ಯಾಯಾಲಯ ಗೆರೆ ಎಳೆಯಿತು. ಮೊದಲನೆಯ ಕಾರನ್ನು ಪೊಲೀಸರು ತಡೆದದ್ದೇ ಕಾನೂನುಬಾಹಿರ ಎಂದಾಯಿತು.

ಹೊಗೆಬಣ್ಣದ ಪ್ಲಾಸ್ಟಿಕ್ ಮುಚ್ಚಳ, ಕ್ಯಾಮೆರಾಕ್ಕೆ ಸಿಗದಂತೆ ಮಾಡುವ ಸ್ಪ್ರೇ, ಗುಂಡಿ ಒತ್ತಿದರೆ ತಿರುಗುವ ಪ್ಲೇಟ್ ಮುಂತಾದವುಗಳ ಮೇಲೆ ರಾಜ್ಯಗಳ ಬಿಗಿ ಹೆಚ್ಚುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥವನ್ನು ಬಳಸುವುದಷ್ಟೇ ಅಲ್ಲ, ಮಾರುವುದೂ ಅಪರಾಧ. ಫ್ಲಾರಿಡಾದಲ್ಲಿ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಬೇಕೆಂದೇ ಪ್ಲೇಟ್ ಮರೆಮಾಡಿದವರಿಗೆ 500 ಡಾಲರ್ ದಂಡ, 60 ದಿನಗಳವರೆಗೆ ಜೈಲು ಆಗಬಹುದು.

ನೋಂದಣಿ ಚಾಲ್ತಿಯಲ್ಲಿದೆ ಎಂಬುದನ್ನು ತೋರಿಸುವ ಸ್ಟಿಕ್ಕರ್‌ಗೂ ಜಾಗ ಗೊತ್ತುಪಡಿಸಲಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಹಿಂಬದಿಯ ಪ್ಲೇಟಿನ ಮೇಲಿನ ಎಡ ಮೂಲೆಯಲ್ಲಿ ತಿಂಗಳು, ಬಲ ಮೂಲೆಯಲ್ಲಿ ವರ್ಷ. ಟೆಕ್ಸಾಸ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಸ್ಟಿಕ್ಕರ್ ಮುಂಬದಿಯ ಗಾಜಿನ ಮೇಲೆ ಬರುತ್ತದೆ. ಪೆನ್ಸಿಲ್ವೇನಿಯಾ 2016ರ ಕೊನೆಗೆ ಸ್ಟಿಕ್ಕರ್ ಪದ್ಧತಿಯನ್ನೇ ನಿಲ್ಲಿಸಿತು. ಪೊಲೀಸರು ನಂಬರನ್ನು ಕಂಪ್ಯೂಟರಿನಲ್ಲಿ ನೋಡಿದರೆ ನೋಂದಣಿಯ ಸ್ಥಿತಿ ತಿಳಿಯುತ್ತದೆ.

ಹೊಸ ಕಾರಿನ ತಾತ್ಕಾಲಿಕ ಪ್ಲೇಟ್

ಶೋರೂಮಿನಿಂದ ಹೊರಟ ಕಾರಿಗೆ ಖಾಯಂ ಪ್ಲೇಟ್ ಬರುವವರೆಗಿನ ಅವಧಿ ಬಹಳ ಕಾಲ ಕಾನೂನಿನ ಸಡಿಲ ಜಾಗವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರುಗಳು ತಿಂಗಳುಗಟ್ಟಲೆ ಡೀಲರನ ಹೆಸರಿನ ಕಾಗದವನ್ನೇ ಪ್ಲೇಟಿನ ಜಾಗದಲ್ಲಿ ಹೊತ್ತು ಓಡಾಡುತ್ತಿದ್ದವು. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ ಬೆಳ್ಳಿಬಣ್ಣದ ಮರ್ಸಿಡಿಸ್ ಪ್ಲೇಟ್ ಇಲ್ಲದೆಯೇ ಓಡಾಡಿ ಹೆಸರಾಗಿತ್ತು. ಪ್ಲೇಟ್ ಇಲ್ಲದ ಕಾರಿಗೆ ಸೇತುವೆಯ ಟೋಲ್ ಬಿಲ್ ಕಳುಹಿಸುವ ದಾರಿಯೇ ಇರಲಿಲ್ಲ. ಅಂಥ ಕಾರು ಯಾರಿಗಾದರೂ ಡಿಕ್ಕಿ ಹೊಡೆದು ಹೋದರೆ ಹುಡುಕುವುದೂ ಅಸಾಧ್ಯ. 2019ರ ಜನವರಿ 1ರಿಂದ ಆ ರಾಜ್ಯ ಪ್ರತಿ ಹೊಸ ಕಾರಿಗೂ ಪ್ರತ್ಯೇಕ ಸಂಖ್ಯೆ ಮತ್ತು ಮುಗಿಯುವ ದಿನಾಂಕವಿರುವ ತಾತ್ಕಾಲಿಕ ಪ್ಲೇಟನ್ನು ಕಡ್ಡಾಯ ಮಾಡಿತು.

ಟೆಕ್ಸಾಸ್‌ನಲ್ಲಿ ತೊಂದರೆ ಬೇರೆ ರೀತಿಯದು. ಅಲ್ಲಿ ಡೀಲರುಗಳು ಮುದ್ರಿಸಿ ಕೊಡುತ್ತಿದ್ದ ಕಾಗದದ ತಾತ್ಕಾಲಿಕ ಪ್ಲೇಟುಗಳನ್ನು ವಂಚಕರು ರಾಶಿಗಟ್ಟಲೆ ತಯಾರಿಸಿ ಮಾರಿದರು. ಕಳ್ಳತನದ, ವಿಮೆಯಿಲ್ಲದ ಕಾರುಗಳಿಗೆ ಅವು ಮುಖವಾಡವಾದವು. ಕೊನೆಗೆ 2023ರಲ್ಲಿ ಶಾಸನಸಭೆ ಕಾನೂನು ತಂದು, 2025ರ ಜುಲೈ 1ರಿಂದ ಕಾಗದವನ್ನು ನಿಲ್ಲಿಸಿ, ಕಾರು ಮಾರುವಾಗಲೇ ಲೋಹದ ಪ್ಲೇಟ್ ಕೊಡುವ ವ್ಯವಸ್ಥೆ ಮಾಡಿತು.

ರಾಜ್ಯ ದಾಟಿದಾಗ

ಇಷ್ಟು ಬಗೆಯ ಕಾನೂನುಗಳಿದ್ದೂ ಜನ ತಡೆಯಿಲ್ಲದೆ ಪ್ರಯಾಣ ಮಾಡಲು ಸಾಧ್ಯವಾಗಿರುವುದು ರಾಜ್ಯಗಳ ನಡುವಿನ ಪರಸ್ಪರ ಮಾನ್ಯತೆಯಿಂದ. ಕಾರು ಯಾವ ರಾಜ್ಯದಲ್ಲಿ ನೋಂದಣಿಯಾಗಿದೆಯೋ ಆ ರಾಜ್ಯದ ಪ್ಲೇಟ್ ನಿಯಮ ಪಾಲಿಸಿದರೆ ಸಾಕು. ಫ್ಲಾರಿಡಾದ ಕಾರು ಒಂದೇ ಪ್ಲೇಟಿನೊಂದಿಗೆ ನ್ಯೂಯಾರ್ಕಿಗೆ ಪ್ರವಾಸ ಹೋಗಿಬಂದರೆ ತಪ್ಪಿಲ್ಲ. ಆದರೆ ಅಲ್ಲಿಯೇ ನೆಲೆಸಿದರೆ ಲೆಕ್ಕ ಬದಲಾಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಭಾಗ ಹೆಚ್ಚು ಉಪಯೋಗದ್ದು. ಓದು ಮುಗಿಸಿ ಅಥವಾ ಕೆಲಸ ಬದಲಿಸಿ ಅರಿಜೋನಾದಿಂದ ಸಿಲಿಕಾನ್ ಕಣಿವೆಗೋ, ಮಿಷಿಗನ್‌ನಿಂದ ಡಲ್ಲಾಸಿಗೋ, ನಾರ್ತ್ ಕ್ಯಾರೊಲಿನಾದಿಂದ ನ್ಯೂಜೆರ್ಸಿಗೋ ಕಾರು ಓಡಿಸಿಕೊಂಡು ಹೋಗುವವರು ಒಂದು ಪ್ಲೇಟಿನ ರಾಜ್ಯದಿಂದ ಎರಡು ಪ್ಲೇಟಿನ ರಾಜ್ಯಕ್ಕೆ ಬಂದಿರುತ್ತಾರೆ. ಹೊಸ ರಾಜ್ಯದಲ್ಲಿ ನೆಲೆಸಿದ ಮೇಲೆ ಕಾರಿನ ನೋಂದಣಿ ಬದಲಿಸಲು ಕ್ಯಾಲಿಫೋರ್ನಿಯಾ 20 ದಿನ, ಟೆಕ್ಸಾಸ್ 30 ದಿನ, ನ್ಯೂಜೆರ್ಸಿ 60 ದಿನ ಕೊಡುತ್ತವೆ. ಫ್ಲಾರಿಡಾದಲ್ಲಿ ಕೆಲಸಕ್ಕೆ ಸೇರಿದ ಅಥವಾ ಮಕ್ಕಳನ್ನು ಶಾಲೆಗೆ ಸೇರಿಸಿದ 10 ದಿನಗಳೊಳಗೆ ಬದಲಿಸಬೇಕು. ಮುಂಬದಿಯಲ್ಲಿ ಬ್ರ್ಯಾಕೆಟ್ಟೇ ಇಲ್ಲದ ಕಾರಿಗೆ ಹೊಸದಾಗಿ ಅದನ್ನು ಕೂರಿಸಿಕೊಳ್ಳಬೇಕಾಗುತ್ತದೆ.

ಕಾರು ಮಾರುವಾಗಲೂ ಈ ವ್ಯತ್ಯಾಸ ಎದುರಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಪ್ಲೇಟ್ ಕಾರಿನ ಜೊತೆಗೇ ಹೊಸ ಮಾಲೀಕನಿಗೆ ಹೋಗುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಫ್ಲಾರಿಡಾಗಳಲ್ಲಿ ಪ್ಲೇಟ್ ಮಾಲೀಕನದು. ಮಾರುವವನು ಬಿಚ್ಚಿ ಇಟ್ಟುಕೊಳ್ಳಬೇಕು. ಬಿಚ್ಚದೆ ಕೊಟ್ಟರೆ ಆ ಕಾರಿನ ಟೋಲ್, ದಂಡದ ಚೀಟಿಗಳೆಲ್ಲ ಹಳೆಯ ಮಾಲೀಕನ ಮನೆಗೇ ಬರುತ್ತವೆ.

ಪ್ಲೇಟಿನ ಮೇಲಿನ ಮಾತು ಯಾರದು?

ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪ್ಲೇಟಿನ ಮೇಲೆ ‘ಸ್ವತಂತ್ರವಾಗಿ ಬದುಕು, ಇಲ್ಲವೇ ಮಡಿ’ ಎಂಬರ್ಥದ ಘೋಷವಾಕ್ಯವಿದೆ. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಜಾರ್ಜ್ ಮೇನಾರ್ಡ್ ಅದು ತಮ್ಮ ಧರ್ಮಶ್ರದ್ಧೆಗೆ ವಿರುದ್ಧವೆಂದು ಆ ಮಾತನ್ನು ಟೇಪಿನಿಂದ ಮುಚ್ಚಿದರು. ದಂಡ ಬಿತ್ತು, ಕಟ್ಟಲು ಒಪ್ಪದೆ 15 ದಿನ ಜೈಲಿನಲ್ಲಿದ್ದರು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ನಂಬರನ್ನು ತೋರಿಸು ಎಂದು ರಾಜ್ಯ ಒತ್ತಾಯಿಸಬಹುದು, ತಾನು ನಂಬದ ವಿಚಾರವನ್ನು ತನ್ನ ಸ್ವಂತ ವಾಹನದ ಮೇಲೆ ಹೊತ್ತು ತಿರುಗು ಎಂದು ನಾಗರಿಕನನ್ನು ಒತ್ತಾಯಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಇದರ ಇನ್ನೊಂದು ಮಗ್ಗುಲು 2015ರಲ್ಲಿ ಇತ್ಯರ್ಥವಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದ ದಕ್ಷಿಣದ ಒಕ್ಕೂಟದ ಯುದ್ಧಧ್ವಜವಿರುವ ವಿಶೇಷ ಪ್ಲೇಟ್ ಬೇಕೆಂದು ಒಂದು ಸಂಘಟನೆ ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಿತ್ತು, ರಾಜ್ಯ ನಿರಾಕರಿಸಿತು. ಪ್ಲೇಟಿನ ವಿನ್ಯಾಸ ಸರ್ಕಾರದ ಮಾತು, ಆದ್ದರಿಂದ ಯಾವುದನ್ನು ಮುದ್ರಿಸಬೇಕು, ಯಾವುದನ್ನು ಬಿಡಬೇಕು ಎಂದು ಆಯ್ಕೆ ಮಾಡಲು ಸರ್ಕಾರಕ್ಕೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿದರೆ ಸರ್ಕಾರ ತನಗೊಪ್ಪದ ಮಾತನ್ನು ಮುದ್ರಿಸಬೇಕಾಗಿಲ್ಲ, ನಾಗರಿಕ ತನಗೊಪ್ಪದ ಮಾತನ್ನು ಪ್ರದರ್ಶಿಸಬೇಕಾಗಿಲ್ಲ ಎಂದಾಗುತ್ತದೆ.

ಪ್ಲೇಟ್ ಮತ್ತು ಪೊಲೀಸ್

ಸುಮ್ಮನೆ ಹೋಗುತ್ತಿರುವ ಕಾರನ್ನು ಯಾವ ಸಂಶಯವೂ ಇಲ್ಲದೆ ದಾಖಲೆ ನೋಡಲೆಂದು ಮನಬಂದಂತೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಪು ನೀಡಿತು. ಆದರೆ ಸಣ್ಣದೊಂದು ಸಂಚಾರ ನಿಯಮ ಮುರಿದದ್ದು ಕಣ್ಣಿಗೆ ಬಿದ್ದರೂ ತಡೆಯಬಹುದು, ಪೊಲೀಸರ ಮನಸ್ಸಿನಲ್ಲಿ ನಿಜವಾಗಿ ಬೇರೆ ಉದ್ದೇಶವಿದ್ದರೂ ಅದು ಲೆಕ್ಕಕ್ಕೆ ಬಾರದು ಎಂದು 1996ರಲ್ಲಿ ಅದೇ ನ್ಯಾಯಾಲಯ ಹೇಳಿತು. ಹೀಗಾಗಿ ಪ್ಲೇಟ್ ನಿಯಮಗಳಿಗೆ ಅವುಗಳ ಗಾತ್ರಕ್ಕೆ ಮೀರಿದ ತೂಕ ಬಂದಿದೆ. ಪ್ಲೇಟಿನ ದೀಪ ಕೆಟ್ಟಿದೆ, ಚೌಕಟ್ಟು ಅಕ್ಷರಕ್ಕೆ ತಾಗಿದೆ, ಸ್ಟಿಕ್ಕರಿನ ಅವಧಿ ಮುಗಿದಿದೆ ಎಂಬ ಯಾವುದಾದರೊಂದು ಕಾರಣ ಸಾಕು, ಕಾರು ನಿಲ್ಲಿಸಿ ವಿಚಾರಣೆ ಶುರುಮಾಡಬಹುದು. ಈ ಅಧಿಕಾರ ಕಪ್ಪು ಜನರ ಮೇಲೆ ಹೆಚ್ಚಾಗಿ ಬಳಕೆಯಾಗುತ್ತದೆ ಎಂಬ ದೂರು ಹಳೆಯದು.

ಇದಕ್ಕೆ ಕೆಲವೆಡೆ ಕಾನೂನಿನಲ್ಲೇ ಪರಿಹಾರ ಹುಡುಕಲಾಗಿದೆ. 2021ರ ಮಾರ್ಚ್‌ನಿಂದ ವರ್ಜೀನಿಯಾದಲ್ಲಿ ಪ್ಲೇಟಿನ ದೀಪ ಉರಿಯುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಕಾರು ತಡೆಯುವಂತಿಲ್ಲ. 2022ರಲ್ಲಿ ಫಿಲಡೆಲ್ಫಿಯಾ ನಗರ ಇಂಥ ಸಣ್ಣ ಲೋಪಗಳ ಪಟ್ಟಿಯನ್ನೇ ಮಾಡಿ, ಅವಷ್ಟಕ್ಕೇ ವಾಹನ ನಿಲ್ಲಿಸಬಾರದೆಂದು ಪೊಲೀಸರಿಗೆ ಸೂಚಿಸಿತು. ಪ್ಲೇಟ್ ಕಾಣುವಂತಿದ್ದೂ ಗೊತ್ತಾದ ಜಾಗದಲ್ಲಿ ಇಲ್ಲದಿರುವುದು ಆ ಪಟ್ಟಿಯಲ್ಲಿದೆ. ನಿಯಮ ರದ್ದಾಗಿಲ್ಲ, ಅದನ್ನು ನೆಪ ಮಾಡಿಕೊಳ್ಳುವ ಅವಕಾಶ ಕಡಿಮೆಯಾಗಿದೆ.

ಕ್ಯಾಮೆರಾದ ಕಾಲ

ಪ್ಲೇಟನ್ನು ಮನುಷ್ಯರಿಗಿಂತ ಹೆಚ್ಚಾಗಿ ಈಗ ಯಂತ್ರಗಳು ಓದುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರ ಮಾರ್ಚ್‌ನಿಂದ ಟೋಲ್ ಕಟ್ಟಿಸಿಕೊಳ್ಳುವ ಸಿಬ್ಬಂದಿಯೇ ಇಲ್ಲ. ಟೋಲ್ ಟ್ಯಾಗ್ ಇಲ್ಲದ ಕಾರಿನ ಪ್ಲೇಟಿನ ಚಿತ್ರ ತೆಗೆದು ಬಿಲ್ ಮನೆಗೆ ಕಳುಹಿಸಲಾಗುತ್ತದೆ. ಪೊಲೀಸರ ಕ್ಯಾಮೆರಾಗಳು ದಾರಿಯಲ್ಲಿ ಹೋಗುವ ಪ್ರತಿ ಕಾರಿನ ನಂಬರನ್ನೂ ಸಮಯ, ಜಾಗದೊಂದಿಗೆ ದಾಖಲಿಸುತ್ತವೆ. ಕಳುವಾದ ಕಾರು ಇದರಿಂದ ಬೇಗ ಸಿಗುತ್ತದೆ. ತಪ್ಪೇ ಮಾಡದವರ ಓಡಾಟವೂ ದಾಖಲೆಯಾಗಿ ಉಳಿಯುತ್ತದೆ. ಈ ದಾಖಲೆಯನ್ನು ಎಷ್ಟು ಕಾಲ ಇಡಬಹುದು ಎಂಬುದರಲ್ಲೂ ರಾಜ್ಯಗಳ ನಡುವೆ ಅಗಾಧ ಅಂತರವಿದೆ. ಯಾವ ಪ್ರಕರಣಕ್ಕೂ ಸಂಬಂಧವಿಲ್ಲದ ನಂಬರನ್ನು ನ್ಯೂ ಹ್ಯಾಂಪ್‌ಷೈರ್ 3 ನಿಮಿಷದೊಳಗೆ ಅಳಿಸಬೇಕೆನ್ನುತ್ತದೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸರು 60 ದಿನ ಇಟ್ಟುಕೊಳ್ಳಬಹುದು.

ಲೋಹದ ಜಾಗಕ್ಕೆ ಪರದೆಯೂ ಬಂದಿದೆ. ಕ್ಯಾಲಿಫೋರ್ನಿಯಾ 2018ರಲ್ಲಿ ಪ್ರಯೋಗವಾಗಿ ಡಿಜಿಟಲ್ ಪ್ಲೇಟುಗಳನ್ನು ಬಿಟ್ಟು, 2022ರ ಕಾನೂನಿನಿಂದ ಅವನ್ನು ಖಾಯಂ ಮಾಡಿತು. ಅರಿಜೋನಾದಲ್ಲೂ ಅವಕ್ಕೆ ಮಾನ್ಯತೆಯಿದೆ. ಇವುಗಳಲ್ಲಿ ನೋಂದಣಿಯ ಅವಧಿ ತಾನಾಗಿಯೇ ನವೀಕರಣಗೊಳ್ಳುತ್ತದೆ, ಸ್ಟಿಕ್ಕರ್ ಅಂಟಿಸುವ ಕೆಲಸ ತಪ್ಪುತ್ತದೆ. ಎತ್ತರ, ಬೆಳಕು, ಓದಲು ಸಿಗುವಿಕೆ ಕುರಿತ ಹಳೆಯ ಷರತ್ತುಗಳು ಮಾತ್ರ ಪರದೆಗೂ ಅನ್ವಯಿಸುತ್ತವೆ.

ರಾಜ್ಯಕ್ಕೊಂದು ಕಾನೂನು ಇದ್ದರೂ ಕಾರಿನವರು ಪಾಲಿಸಬೇಕಾದ ಮುಖ್ಯ ಅಂಶಗಳು ಕೆಲವೇ. ನೋಂದಣಿಯಾದ ರಾಜ್ಯ ಕೊಟ್ಟಷ್ಟೂ ಪ್ಲೇಟುಗಳನ್ನು ಹೊರಗೆ, ನೆಟ್ಟಗೆ, ಬಿಗಿಯಾಗಿ ಹಾಕಿರಬೇಕು. ಅಕ್ಷರ, ರಾಜ್ಯದ ಹೆಸರು, ಸ್ಟಿಕ್ಕರ್ ಯಾವುದೂ ಮುಚ್ಚಿರಬಾರದು. ಹಿಂಬದಿಯ ದೀಪ ಉರಿಯುತ್ತಿರಬೇಕು. ಬೇರೆ ರಾಜ್ಯದಲ್ಲಿ ನೆಲೆಸಿದರೆ ಗಡುವಿನೊಳಗೆ ನೋಂದಣಿ ಬದಲಿಸಿರಬೇಕು. ಸರ್ಕಾರದ ಕಡೆಯಿಂದಲೂ ಒಂದು ಹೊಣೆ ಉಂಟು. ರಸ್ತೆಯಲ್ಲಿ ತಡೆಯಲು ಕಾರಣವಾಗಬಲ್ಲ ನಿಯಮ ಸಾಮಾನ್ಯ ಚಾಲಕನಿಗೆ ಓದಿದೊಡನೆ ಅರ್ಥವಾಗುವಷ್ಟು ಸ್ಪಷ್ಟವಾಗಿರಬೇಕು, ಪ್ಲೇಟಿನಿಂದ ಒಂದು ಕೆಲಸಕ್ಕೆಂದು ಕಲೆಹಾಕಿದ ಮಾಹಿತಿ ಆ ಕೆಲಸ ಮುಗಿದ ಮೇಲೆ ಉಳಿಯಬಾರದು. ನ್ಯೂಜೆರ್ಸಿಯ ತೀರ್ಪು, ವರ್ಜೀನಿಯಾದ ತಿದ್ದುಪಡಿ, ನ್ಯೂ ಹ್ಯಾಂಪ್‌ಷೈರ್‌ನ 3 ನಿಮಿಷದ ಮಿತಿ ಈ ದಿಕ್ಕಿನಲ್ಲಿ ಆಗಿರುವ ಕೆಲಸಗಳು. ಉಳಿದ ರಾಜ್ಯಗಳು ಅನುಸರಿಸಲು ತಕ್ಕವು.